ಯಾವುದಕ್ಕೂ ಇರಲಿ

ಆಶ್ವಯುಜ ಮಾಸದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗರ್ಭಗುಡಿಯ ಬಾಗಿಲು ತೆರೆಯಿತೆಂದರೆ, ಬಲಿಪಾಡ್ಯಮಿಯ ಮರುದಿನ ಅದು ಮತ್ತೆ ಮುಚ್ಚುವವರೆಗೆ ಹಾಸನದವರಿಗೆ ಹಾಸನ ತಮ್ಮದಲ್ಲ. ಯಾರು ಶಿಷ್ಟಾಚಾರದ ಕಾರಿನಲ್ಲಿ ಗುಡಿಯ ಬಾಗಿಲವರೆಗೆ ಹೋದರು, ಯಾರನ್ನು ಬ್ಯಾರಿಕೇಡ್ ಬಳಿಯೇ ಇಳಿಸಿದರು, 1,000 ರೂಪಾಯಿ ಟಿಕೆಟ್ಟಿನ ಸಾಲು 300 ರೂಪಾಯಿಯ ಸಾಲಿಗಿಂತ ನಿಧಾನವಾಗಿತ್ತೆಂದು ಯಾರು ರೇಗಾಡಿದರು ಎಂಬುದೆಲ್ಲ ಓದುಗರಿಗೆ ಬಾಯಿಪಾಠವಾಗಿರುವುದರಿಂದ ನಾನು ಅದನ್ನು ಮತ್ತೆ ಒಪ್ಪಿಸುವುದಿಲ್ಲ. ಇಂಥ ದಿನಗಳಲ್ಲೇ, ಇದೇ ಊರಿನಲ್ಲಿ, ‘ದೇವರನ್ನು ನಂಬಿದ ಬದುಕು ಲೇಸೋ, ನಂಬದ ಬದುಕು ಲೇಸೋ’ ಎಂಬ ವಿಚಾರ ಸಂಕಿರಣವನ್ನು ಏರ್ಪಡಿಸುವುದಕ್ಕೆ ಎಂಥ ಗುಂಡಿಗೆ ಬೇಕೆಂದು ಅಚ್ಚರಿಪಡುತ್ತಲೇ ನಾನು ಆಹ್ವಾನ ಪತ್ರಿಕೆಯನ್ನು ತೆರೆದೆ.

ಕಾರ್ಯಕ್ರಮ ಭಾನುವಾರ ಸಂಜೆ 4 ಗಂಟೆ 20 ನಿಮಿಷಕ್ಕೆ ಸರಿಯಾಗಿ ಎಂದು ಅಚ್ಚಾಗಿತ್ತು. ಮದುವೆಯ ಮುಹೂರ್ತವೊಂದನ್ನು ಬಿಟ್ಟರೆ ನಮ್ಮ ಊರಿನ ಯಾವ ಸಮಾರಂಭವೂ ಗಂಟೆಯ ಜೊತೆಗೆ ನಿಮಿಷವನ್ನೂ ಲೆಕ್ಕಕ್ಕೆ ಹಿಡಿದದ್ದನ್ನು ನಾನು ಕಂಡಿಲ್ಲ. ಸಂಘಟಕರಲ್ಲೊಬ್ಬರು ನನ್ನ ಹಳೆಯ ಮಿತ್ರರು. ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರು, ನಲವತ್ತು ವರ್ಷಗಳಿಂದ ಅಪ್ಪಟ ನಿರೀಶ್ವರವಾದಿಗಳು. ಫೋನ್ ಮಾಡಿ ಕೇಳಿದೆ. “ಭಾನುವಾರ ನಾಲ್ಕೂವರೆಗೆ ರಾಹುಕಾಲ ಬಂದುಬಿಡುತ್ತದಲ್ಲ ಸಾರ್. ನಾವೇನೂ ನಂಬುವುದಿಲ್ಲ, ಬರುವವರಿಗೆ ಕಸಿವಿಸಿಯಾಗಬಾರದು ನೋಡಿ. ಯಾವುದಕ್ಕೂ ಇರಲಿ ಅಂತ ಹತ್ತು ನಿಮಿಷ ಮುಂಚೆ ಇಟ್ಟುಕೊಂಡೆವು” ಎಂದರು.

ರಾಹುವಿಗೆ ಇಷ್ಟು ಮರ್ಯಾದೆ ಕೊಟ್ಟರೂ ಮುಖ್ಯ ಅತಿಥಿಗಳು ಬಂದದ್ದು ಐದೂ ಹತ್ತಕ್ಕೆ. ಬೆಂಗಳೂರಿನಿಂದ ಬಂದಿದ್ದ ಅವರ ಮನೆಯವರು, ಹೇಗೂ ಇಷ್ಟು ದೂರ ಬಂದಿದ್ದೇವೆಂದು ಅಮ್ಮನ ದರ್ಶನಕ್ಕೆ ನಿಂತಿದ್ದರಂತೆ. ಇವರು ಹೊರಗೆ ಚಪ್ಪಲಿ ಕಾಯುತ್ತಿದ್ದರಂತೆ. ಹೀಗಾಗಿ ಸಂಕಿರಣವು ರಾಹುಕಾಲದ ನಟ್ಟನಡುವೆ ಉದ್ಘಾಟನೆಗೊಂಡಿತು. ದೀಪ ಬೆಳಗಿದರೆ ಧಾರ್ಮಿಕವಾದೀತೆಂದು ವಿಚಾರವಂತರ ಸಭೆಗಳಲ್ಲಿ ಗಿಡಕ್ಕೆ ನೀರೆರೆಯುವುದು ಈಗ ನಮ್ಮಲ್ಲಿ ತಪ್ಪದ ಆಚಾರವಾಗಿಬಿಟ್ಟಿದೆ. ಗಿಡ ತರಲು ಕಳಿಸಿದ್ದ ಹುಡುಗ ನರ್ಸರಿಯಲ್ಲಿ 60 ರೂಪಾಯಿ ಕೊಟ್ಟು ತಂದದ್ದು ತುಳಸಿ. ಬೇರೆಯದನ್ನು ತರಿಸಲು ಹೊತ್ತಿರಲಿಲ್ಲ. ಮುಖ್ಯ ಅತಿಥಿಗಳು ವೇದಿಕೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಸ್ಟೀಲ್ ಚೊಂಬನ್ನು ಬಲಗೈಗೆ ಬದಲಾಯಿಸಿಕೊಂಡು, ಬುಡಕ್ಕೆ ಮೂರು ಬಾರಿ ನೀರು ಬಿಟ್ಟು, ಅಭ್ಯಾಸಬಲದಿಂದ ಬೆರಳನ್ನು ಕಣ್ಣಿಗೊತ್ತಿಕೊಂಡರು. ಚಪ್ಪಾಳೆ ಬಿತ್ತು.

ನಂಬದ ಬದುಕಿನ ಪರವಾಗಿ ನಿಂತ ಯುವ ಉಪನ್ಯಾಸಕರು ನಮ್ಮನ್ನು ನೇರವಾಗಿ ಫಿನ್‌ಲೆಂಡಿಗೆ ಕರೆದುಕೊಂಡು ಹೋದರು. ಜಾಗತಿಕ ಸಂತೋಷ ವರದಿಯಲ್ಲಿ 2018ರಿಂದ ವರ್ಷ ವರ್ಷವೂ ಮೊದಲ ಸ್ಥಾನದಲ್ಲಿ ಕುಳಿತಿರುವ ಆ ದೇಶದಲ್ಲಿ ದೇವರ ಗೊಡವೆಗೆ ಹೋಗುವವರು ಕಡಿಮೆ, ಆದುದರಿಂದ ದೇವರನ್ನು ಬಿಟ್ಟವರೇ ಸುಖಿಗಳು ಎಂಬುದು ಅವರ ವಾದ. ಅದೇ ಫಿನ್‌ಲೆಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಂದಿಗೂ ಲೂಥರನ್ ಚರ್ಚಿನ ಸದಸ್ಯರಾಗಿದ್ದು, ಅದಕ್ಕಾಗಿ ಪ್ರತ್ಯೇಕ ತೆರಿಗೆ ಕಟ್ಟುತ್ತಾರೆಂಬುದನ್ನು ಅವರು ಹೇಳಲಿಲ್ಲ. ವಾರವಾರ ಪ್ರಾರ್ಥನೆಗೆ ಹೋಗದಿದ್ದರೂ ಮದುವೆಗೆ, ಮಣ್ಣಿಗೆ ಬೇಕಾಗುತ್ತದಲ್ಲ. ಅಲ್ಲಿಯೂ ಯಾವುದಕ್ಕೂ ಇರಲಿ. ಇನ್ನು ಆ ಜನರ ನೆಮ್ಮದಿಗೆ ದೇವರಿಲ್ಲದಿರುವುದು ಕಾರಣವೋ, ಕಾಯಿಲೆ ಬಿದ್ದರೆ ಆಸ್ಪತ್ರೆ, ಕೆಲಸ ಹೋದರೆ ಭತ್ಯೆ, ಮುಪ್ಪಿಗೆ ಪಿಂಚಣಿ ಇರುವುದು ಕಾರಣವೋ ಎಂದು ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ನಮ್ಮಲ್ಲಿ ಈ ಮೂರು ಖಾತೆಗಳನ್ನೂ ಹಾಸನಾಂಬೆಯೇ ಇಟ್ಟುಕೊಂಡಿದ್ದಾಳೆ.

ನಂಬಿಕೆಯ ಪರವಾಗಿ ನಿಂತವರು ನಿವೃತ್ತ ಸಂಸ್ಕೃತ ಅಧ್ಯಾಪಕರು. ಆಸ್ತಿಕರಿಗೆ ಮನಃಶಾಂತಿ ಹೆಚ್ಚು, ರಕ್ತದೊತ್ತಡ ಕಡಿಮೆ ಎಂಬುದನ್ನು ಅವರು ಮೇಜು ಗುದ್ದಿ, ಮುಖ ಕೆಂಪಾಗಿಸಿಕೊಂಡು, ಧ್ವನಿವರ್ಧಕ ಕಿರುಗುಟ್ಟುವಂತೆ ಪ್ರತಿಪಾದಿಸಿದರು. ಆಮೇಲೆ ಬೇಲೂರಿನ ಕೇಶವನ ಮೇಲಿರುವ ಆ ಪ್ರಸಿದ್ಧ ಶ್ಲೋಕವನ್ನು ಹೇಳಿದರು. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ನೈಯಾಯಿಕರು ಕರ್ತನೆಂದು, ಜೈನರು ಅರ್ಹಂತನೆಂದು, ಮೀಮಾಂಸಕರು ಕರ್ಮವೆಂದು ಯಾರನ್ನು ಉಪಾಸಿಸುತ್ತಾರೋ ಆ ಕೇಶವನು ನಿಮ್ಮ ಇಷ್ಟಾರ್ಥವನ್ನು ಕೊಡಲಿ ಎಂಬುದು ಅದರ ತಾತ್ಪರ್ಯ. ನಮ್ಮ ಜಿಲ್ಲೆಯ ಯಾವ ವೇದಿಕೆಯ ಮೇಲೂ ಈ ಶ್ಲೋಕ ತಪ್ಪುವುದಿಲ್ಲ; ಅದರ ಪಟ್ಟಿಯನ್ನು ಮಾತ್ರ ಯಾರೂ ಎಣಿಸಿ ನೋಡುವುದಿಲ್ಲ. ಬೌದ್ಧರೂ ಜೈನರೂ ಜಗತ್ತನ್ನು ಮಾಡಿದವನೊಬ್ಬನಿದ್ದಾನೆಂದು ಒಪ್ಪದವರು. ಮೀಮಾಂಸಕರು ವೇದವನ್ನು ತಲೆಯ ಮೇಲಿಟ್ಟುಕೊಂಡವರಾದರೂ, ಮಾಡಿದ ಯಜ್ಞ ತಾನೇ ಫಲ ಕೊಡುತ್ತದೆ, ನಡುವೆ ಈಶ್ವರನ ಮಧ್ಯಸ್ಥಿಕೆ ಏಕೆ ಎಂದು ಕೇಳಿದವರು. ಆರು ಮಂದಿಯಲ್ಲಿ ಮೂವರು ನಿರೀಶ್ವರರು! ಮನುವಿನ ಲೆಕ್ಕದಲ್ಲಿ ನಾಸ್ತಿಕನೆಂದರೆ ವೇದನಿಂದಕ. ಪಾಣಿನಿಯ ಸೂತ್ರಕ್ಕೆ ಅರ್ಥ ಹೇಳುವವರ ಪ್ರಕಾರ ಪರಲೋಕವಿಲ್ಲವೆನ್ನುವವನು. ದೇವರಿಲ್ಲವೆನ್ನುವುದೇ ನಾಸ್ತಿಕತೆ ಎಂಬ ಸರಳ ಲೆಕ್ಕ ನಮ್ಮ ಪೂರ್ವಿಕರದಲ್ಲ. 981ರ ಹೊತ್ತಿಗೆ ಶ್ರವಣಬೆಳಗೊಳದ ಬೆಟ್ಟದ ಮೇಲೆ 58 ಅಡಿಯ ಬಾಹುಬಲಿಯನ್ನು ಕಡೆಸಿದವರಿಗೆ ಸೃಷ್ಟಿಕರ್ತನ ಅಗತ್ಯ ಬೀಳಲಿಲ್ಲ, ಆ ಕಾರಣಕ್ಕೆ ಯಾರೂ ಅವರ ಉಳಿಗಳನ್ನು ಕಿತ್ತುಕೊಳ್ಳಲೂ ಇಲ್ಲ. ಆಗ ಈ ವಾದವನ್ನು ಮಂಡಿಸಲು ಪಾಂಡಿತ್ಯ ಬೇಕಾಗಿತ್ತು, ಈಗ ಪೊಲೀಸ್ ಬಂದೋಬಸ್ತ್ ಬೇಕು. ಅಧ್ಯಾಪಕರು ಮಾತ್ರ ಆ ಶ್ಲೋಕದಿಂದ ನಾಸ್ತಿಕರಿಗೆ ಗತಿಯಿಲ್ಲವೆಂಬುದನ್ನು ಸಾಧಿಸಿ ಕುಳಿತರು.

ನಮ್ಮ ಊರಿನ ಬಗ್ಗೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಇನ್ಸಾಟ್ ಉಪಗ್ರಹಗಳನ್ನು, ಆಮೇಲೆ ಜಿಸಾಟ್‌ಗಳನ್ನು, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅತ್ತಿತ್ತ ಅಲುಗದಂತೆ ಅಲ್ಲಿಂದ ಹಿಡಿದಿಟ್ಟಿದ್ದಾರೆ. ಆ ಉಪಗ್ರಹಗಳಿಗೂ ಗ್ರಹಣ ಹಿಡಿಯುತ್ತದೆ. ಹಗಲು ಇರುಳು ಸಮವಾಗುವ ಕಾಲದ ಆಸುಪಾಸಿನಲ್ಲಿ, ವರ್ಷಕ್ಕೆರಡು ಬಾರಿ, ಒಂದೂವರೆ ತಿಂಗಳ ಕಾಲ ಅವು ದಿನವೂ ಭೂಮಿಯ ನೆರಳನ್ನು ಹೊಗುತ್ತವೆ. ಕೆಲವು ದಿನ ಒಂದು ಗಂಟೆಯನ್ನೂ ಮೀರಿ ಬಿಸಿಲು ಕಾಣುವುದಿಲ್ಲ. ಅಷ್ಟು ಹೊತ್ತು ಬ್ಯಾಟರಿಯ ಮೇಲೆ ನಡೆಸುತ್ತಾರೆಯೇ ಹೊರತು ಸೌರಫಲಕಕ್ಕೆ ದರ್ಭೆ ಕಟ್ಟಿದ್ದನ್ನು ನಾನು ಕೇಳಿಲ್ಲ. ಹೀಗೆ ಗ್ರಹಣವನ್ನು ದಿನಚರಿಯ ಕೆಲಸ ಮಾಡಿಕೊಂಡ ಎಂಜಿನಿಯರುಗಳು ಕಾಪಾಡಿದ ಉಪಗ್ರಹಗಳು ಹೊತ್ತು ತರುವುದರಲ್ಲಿ, ಬೆಳಿಗ್ಗೆ ಏಳು ಗಂಟೆಗೆ ರೇಷ್ಮೆ ಶಾಲು ಹೊದ್ದು, ಗ್ರಹಣದ ದಿನ ಯಾವ ರಾಶಿಯವರು ಎಷ್ಟು ಸೇರು ಹುರುಳಿ ದಾನ ಮಾಡಬೇಕೆಂದು ಹೇಳುವ ಮಹಾನುಭಾವರೂ ಸೇರಿದ್ದಾರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಬಳಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದನ್ನೂ ಟಿವಿಯೇ ತೋರಿಸಿತು. ನಮ್ಮಲ್ಲಿ ವಿಜ್ಞಾನಕ್ಕೆ ಬೆಲೆಯಿಲ್ಲವೆಂದು ಯಾರು ಹೇಳುವರು?

ಆದುದರಿಂದ ಈ ಜಿಲ್ಲೆಯಲ್ಲಿ ಆಸ್ತಿಕರು ಇಷ್ಟು, ನಾಸ್ತಿಕರು ಇಷ್ಟು ಎಂದು ಎಣಿಸುವುದು ವ್ಯರ್ಥವೆಂದು ನನಗೆ ಅನ್ನಿಸಿದೆ. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಧರ್ಮವನ್ನು ತಿಳಿಸದವರು ಸುಮಾರು 28.7 ಲಕ್ಷ ಮಂದಿ, ಎಂದರೆ ನೂರಕ್ಕೆ ಕಾಲು ಜನವೂ ಇಲ್ಲ. ಉಳಿದವರೆಲ್ಲ ನಂಬಿದವರೆಂದು ತಿಳಿಯಬೇಕೆ? ಅವರು ‘ಯಾವುದಕ್ಕೂ ಇರಲಿ’ ಎಂಬ ಮತಕ್ಕೆ ಸೇರಿದವರು. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಾಸ್ಕಲ್, ದೇವರಿದ್ದರೆ ನಂಬಿದವನಿಗೆ ಅಪಾರ ಲಾಭ, ಇಲ್ಲದಿದ್ದರೆ ಆಗುವ ನಷ್ಟ ಅಲ್ಪ, ಆದುದರಿಂದ ನಂಬುವುದೇ ಜಾಣತನ ಎಂದು ಬಾಜಿ ಕಟ್ಟಿದ. ಅರಸೀಕೆರೆಯ ತೆಂಗಿನ ತೋಟದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ: ಒಡೆದರೆ ಹೋಗುವುದು ಒಂದು ಕಾಯಿ, ಅದರಲ್ಲೂ ಒಂದು ಹೋಳು ಪ್ರಸಾದವಾಗಿ ಮನೆಗೇ ಬರುತ್ತದೆ. ಪಾಸ್ಕಲನ ಬಾಜಿಯಲ್ಲಿ ನಂಬಿಕೆಯ ಬೆಲೆ ಎಲ್ಲರಿಗೂ ಒಂದೇ. ನಾವು ಅದಕ್ಕೆ ಉಚಿತ, 300, 1,000, ಶಿಷ್ಟಾಚಾರ ಎಂಬ ನಾಲ್ಕು ದರ್ಜೆಗಳನ್ನು ಸೇರಿಸಿ ಗಣಿತವನ್ನು ಮುಂದುವರಿಸಿದ್ದೇವೆ. ವರ್ಷವಿಡೀ ಮುಚ್ಚಿದ ಬಾಗಿಲೊಳಗೆ ದೀಪ ಆರುವುದಿಲ್ಲ, ಹೂವು ಬಾಡುವುದಿಲ್ಲ ಎನ್ನುವ ಜನರೇ, ಆ ತಾಯಿಗೆ ತಮ್ಮ ಮೊರೆ ಹತ್ತು ಗಜದಾಚೆಯಿಂದ ಕೇಳಿಸಲಾರದೆಂದು ಹೆಚ್ಚಿನ ಟಿಕೆಟ್ ಕೊಳ್ಳುತ್ತಾರೆ. ಇದು ನಂಬಿಕೆಯಾದರೆ ಅಪನಂಬಿಕೆ ಯಾವುದೆಂದು ಯಾರಾದರೂ ತಿಳಿಸಿಕೊಡಬೇಕು.

ಇಷ್ಟು ಹೊತ್ತು ನಗುತ್ತ ಬರೆದೆ. ಸಂಕಿರಣದ ಕೊನೆಯಲ್ಲಿ ವಿದ್ಯಾರ್ಥಿಯೊಬ್ಬ ಎದ್ದು, “ನಂಬದೆ ಬದುಕುವುದರಿಂದ ನಷ್ಟವೇನಾದರೂ ಇದೆಯೇ?” ಎಂದು ಕೇಳಿದ, ವೇದಿಕೆಯ ಮೇಲಿದ್ದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ವಂದನಾರ್ಪಣೆಗೆ ಹೋದರು. ನಷ್ಟವಿದೆ ಮಗು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಬೆಳಗಿನ ನಡಿಗೆಗೆ ಹೊರಟಿದ್ದ, ಮೌಢ್ಯದ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರರನ್ನು ಗುಂಡಿಟ್ಟು ಕೊಂದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಕೊಂದರು. ಅವರು ಬದುಕೆಲ್ಲ ವಚನಗಳನ್ನೂ ಶಾಸನಗಳನ್ನೂ ಓದಿದವರು. ದಾಭೋಲ್ಕರರು ಬೇಡಿದ್ದ ಮೌಢ್ಯ ನಿಷೇಧದ ಕಾನೂನು ಮಹಾರಾಷ್ಟ್ರದಲ್ಲಿ ಅವರ ಹೆಣ ಬಿದ್ದ ಮೇಲೆ ಬಂತು. ಗುಂಡು ಹಾರಿಸಿದ ಇಬ್ಬರಿಗೆ ಶಿಕ್ಷೆಯಾಗಲು 2024ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಮೌಢ್ಯ ನಿಷೇಧದ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂತು, ಅದೂ ಜ್ಯೋತಿಷ್ಯ ವಾಸ್ತುಗಳ ಮೈಗೆ ಧಕ್ಕೆ ತಗುಲದಂತೆ. ಯಾವುದಕ್ಕೂ ಇರಲಿ ಎನ್ನುವ ನಮ್ಮಂಥವರನ್ನು ಯಾರೂ ಕೊಲ್ಲುವುದಿಲ್ಲ, ನಮ್ಮಿಂದ ಯಾರಿಗೂ ತೊಂದರೆಯಿಲ್ಲ. ಹೇಳಿದ್ದನ್ನೇ ಹೇಳಿ ಸಾಕಾಗಿದೆ.

ನಾನೂ ಆ ಮತದವನೇ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಕೊಡುತ್ತೇನೆ. ಸಂಕಿರಣದ ಮರುದಿನ ಬೆಳಗಿನ ಜಾವ ಧರ್ಮದರ್ಶನದ ಸಾಲಿನಲ್ಲಿ ನಾನು ನಿಂತಿದ್ದೆ. ಅಕ್ಕನಿಗೆ ಮಂಡಿ ನೋವು. ಸಾಲು ಗುಡಿಯ ಹತ್ತಿರಕ್ಕೆ ಬರುವವರೆಗೆ ಅವಳ ಜಾಗದಲ್ಲಿ ನಾನು ನಿಂತು, ಆಮೇಲೆ ಫೋನ್ ಮಾಡಬೇಕೆಂಬುದು ಮನೆಯಲ್ಲಾದ ಒಪ್ಪಂದ. ಟಿಕೆಟ್ ಕೊಂಡುಬಿಡೋಣವೆಂದರೆ ಅಕ್ಕ, “ಅಮ್ಮನ್ನ ನೋಡೋಕೆ ದುಡ್ಡು ಕೊಡ್ತಾರೇನೋ” ಎಂದು ಬೈದಿದ್ದಳು. ಹಿಂದಿನ ರಾತ್ರಿ ಮಳೆಯಾಗಿ ನೆಲಹಾಸೆಲ್ಲ ನೆನೆದಿತ್ತು. ನನ್ನ ಮುಂದೆ ಹೊಳೆನರಸೀಪುರದ ಕಡೆಯ ಹೆಂಗಸೊಬ್ಬಳು, ಸೊಂಟದಲ್ಲಿ ಮೂರು ವರ್ಷದ ಮಗು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಚಪ್ಪಲಿ, ಇನ್ನೊಂದರಲ್ಲಿ ಕಾಯಿ ಮತ್ತು ಬಳೆ. ರಾತ್ರಿ ಎರಡು ಗಂಟೆಯಿಂದ ನಿಂತಿದ್ದಳಂತೆ. ಮಗು ಅಳತೊಡಗಿತು. “ಅಣ್ಣ, ವಸಿ ಇದ ಇಟ್ಕಳಿ, ಮಗೀನ ಆಚಿಗೆ ಕರ್ಕೊಂಡೋಗ್ಬುಟ್ಟು ಬತ್ತೀನಿ” ಎಂದು ಎರಡೂ ಕವರುಗಳನ್ನು ನನ್ನ ಕೈಗೆ ಕೊಟ್ಟು, ಕಂಬಿಯ ಕೆಳಗೆ ನುಸುಳಿ ಹೋದಳು. ಶೌಚಾಲಯ ಎಲ್ಲಿತ್ತೋ, ಅಲ್ಲಿ ಇನ್ನೆಷ್ಟು ಸಾಲಿತ್ತೋ, ಅವಳು ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಅಷ್ಟು ಹೊತ್ತೂ ನಾನು, ನಂಬದವನು, ನಂಬಿದ ಇಬ್ಬರು ಹೆಂಗಸರ ಜಾಗ ಹಿಡಿದುಕೊಂಡು, ಒಂದು ಕೈಯಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಕಾಯಿ ಹಿಡಿದು ನಿಂತಿದ್ದೆ. ಪಕ್ಕದ ಕಂಬಿಯಾಚೆ 1,000 ರೂಪಾಯಿಯವರು ಬಿರಬಿರನೆ ಸಾಗುತ್ತಿದ್ದರು. ಗುಡಿಯೊಳಗಿನ ಸೊಸೆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ಅಮ್ಮನ ಕಡೆಗೆ ಸರಿಯುತ್ತದೆನ್ನುತ್ತಾರೆ; ನಮ್ಮ ಸಾಲನ್ನು ನೋಡಿದ ಮೇಲೆ ಆ ವೇಗ ಅಸಂಭವವೇನಲ್ಲ ಅನ್ನಿಸಿತು.

ದೀಪಾವಳಿ ಕಳೆದು ಉತ್ಥಾನ ದ್ವಾದಶಿಯ ಸಂಜೆ ಆ ಸಭಾಂಗಣದ ಮುಂದೆ ಹಾದುಹೋಗುವಾಗ, ಹಿತ್ತಲಿನ ಕಾವಲುಗಾರನ ಮನೆಯ ಮುಂದೆ ಸಂಕಿರಣದ ತುಳಸಿಯನ್ನು ಕಂಡೆ. ಕಾರ್ಯಕ್ರಮದ ರಾತ್ರಿ ವೇದಿಕೆಯ ಮೇಲೆಯೇ ಎಲ್ಲರೂ ಬಿಟ್ಟುಹೋಗಿದ್ದನ್ನು ಅವನ ಹೆಂಡತಿ ತಂದು ಬಣ್ಣದ ಡಬ್ಬಿಗೆ ನೆಟ್ಟಿದ್ದಳು. ಪಕ್ಕದಲ್ಲಿ ಬೆಟ್ಟದ ನೆಲ್ಲಿಯ ಕೊಂಬೆ ಸಿಕ್ಕಿಸಿ, ಅರಿಶಿನ ಕುಂಕುಮವಿಟ್ಟು, ಎರಡು ಹಣತೆ ಹಚ್ಚಿದ್ದಳು. ಗಿಡ ಸೊಂಪಾಗಿ ಚಿಗುರಿತ್ತು. ನಮ್ಮ ಬ್ಯಾಂಕಿನ ಮಿತ್ರರಿಗೆ ಈ ವಿಷಯವನ್ನು ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, ಲೆಕ್ಕದ ಪುಸ್ತಕದಲ್ಲಿ ಆ 60 ರೂಪಾಯಿಯನ್ನು ಆಸ್ತಿ ಎಂದು ತೋರಿಸಿದ್ದೇವೆ, ಮುಂದಿನ ಉದ್ಘಾಟನೆಗೆ ವಾಪಸು ಕೇಳಿದರೆ ಕೊಟ್ಟಾಳೇ ಎಂದು ಕೇಳಿದರು.