ವ್ಯಾಮ್ ಬೆಲ್ಲದ ನೀರಿನಲ್ಲಿ ಬೆಳೆಯುವುದಿಲ್ಲ

'ಒಂದು ಕೆಜಿ ವ್ಯಾಮ್ ಪುಡಿಯನ್ನು 200 ಲೀಟರ್ ಬೆಲ್ಲದ ನೀರಿಗೆ ಹಾಕಿ ವಾರ ಇಡಿ, ಎಷ್ಟೋ ಪಟ್ಟು ಜಾಸ್ತಿಯಾಗುತ್ತದೆ' ಎಂಬ ಸಂದೇಶ ರೈತರ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಮೊದಲು ನಾನೂ ನಂಬಿ ನಾಲ್ಕು ಜನರಿಗೆ ಕಳಿಸಿದ್ದೆ. ಅವರಿಗೂ ಈಗ ಇದನ್ನೇ ಹೇಳುತ್ತಿದ್ದೇನೆ.

ವ್ಯಾಮ್, ಅಂದರೆ ಒಂದು ಬಗೆಯ ಮೈಕೊರೈಜಾ, ಬೇರಿನೊಳಗೆ ಬದುಕಿ ಗಿಡಕ್ಕೆ ಪೋಷಕಾಂಶ ಒದಗಿಸುವ ಶಿಲೀಂಧ್ರ. ಅದಕ್ಕೆ ಊಟ ಸಿಗುವುದು ಜೀವಂತ ಬೇರಿನಿಂದ ಮಾತ್ರ. ಡ್ರಮ್ಮಿನಲ್ಲಿ ಬೇರು ಎಲ್ಲಿದೆ? ಮೂರನೇ ದಿನ ಮೇಲೆ ಬರುವ ನೊರೆ, ಹುಳಿ ವಾಸನೆ ನೋಡಿ ಬೆಳೆಯಿತು ಅಂದುಕೊಳ್ಳುತ್ತೇವೆ. ಅಲ್ಲಿ ಬೆಳೆದಿರುವುದು ಬೇರೆ ಸೂಕ್ಷ್ಮಜೀವಿಗಳು. ಟ್ರೈಕೋಡರ್ಮಾ ಎಂಬ ಇನ್ನೊಂದು ಉಪಯುಕ್ತ ಶಿಲೀಂಧ್ರಕ್ಕೆ ಜೀವಂತ ಬೇರು ಬೇಕಿಲ್ಲ, ಕೊಟ್ಟಿಗೆ ಗೊಬ್ಬರದಲ್ಲೂ ಬೆಳೆಯುತ್ತದೆ. ಬಹುಶಃ ಗೊಂದಲ ಅಲ್ಲಿಂದಲೇ ಬಂದಿರಬೇಕು.

ಮನೆಯಲ್ಲೇ ಹೆಚ್ಚಿಸಬೇಕೆಂದರೆ ದಾರಿ ಇದೆ. ಬಿಸಿಲಿಗೆ ಒಣಗಿಸಿದ ಮಣ್ಣು, ಮರಳು ಬೆರೆಸಿ ಕುಂಡಕ್ಕೆ ತುಂಬಿ. ಎರಡು ಬೆರಳು ಆಳದಲ್ಲಿ ಪುಡಿ ಹರಡಿ, ಮೇಲೆ ಮೆಕ್ಕೆಜೋಳ ಬಿತ್ತಿ. ಸುಮಾರು ಮೂರು ತಿಂಗಳು ಬೆಳೆಸಿ ನೀರು ನಿಲ್ಲಿಸಿ. ಗಿಡ ಒಣಗಿದ ಮೇಲೆ ದಂಟು ತೆಗೆದು, ಬೇರು ಕತ್ತರಿಸಿ ಅದೇ ಮಣ್ಣಿಗೆ ಬೆರೆಸಿ. ಅದೇ ನಿಮ್ಮ ವ್ಯಾಮ್. ಬೇರಿಗೆ ತಾಗುವಂತೆ ಸಸಿಮಡಿಯಲ್ಲೇ ಹಾಕಿದರೆ ಒಳ್ಳೆಯದು.

ಡಿಎಪಿ (ರಂಜಕ ಹೆಚ್ಚಿರುವ ರಾಸಾಯನಿಕ ಗೊಬ್ಬರ) ಜಾಸ್ತಿ ಸುರಿದ ಕಡೆ ಇದು ಬೇರಿಗೆ ಸರಿಯಾಗಿ ಹತ್ತುವುದಿಲ್ಲ. ಎಲೆಕೋಸು, ಹೂಕೋಸು, ಸಾಸಿವೆಗೆ ಹಾಕಿದರೆ ಸುಮ್ನೆ ದುಡ್ಡು ದಂಡ. ಆ ಜಾತಿಯ ಬೇರಿಗೆ ಇದು ಕೂಡುವುದೇ ಇಲ್ಲ.

ದಯವಿಟ್ಟು ಬೆಲ್ಲದ ನೀರಿನ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.