ಸಮ್ಮೋಹನವು ನಿದ್ರೆಯಲ್ಲ
ಸಮ್ಮೋಹನ (ಹಿಪ್ನಾಟಿಸಂ) ಸ್ಥಿತಿಯಲ್ಲಿ ಸೂಚನೆಗಳನ್ನು ನೀಡಿ ಮಾಡುವ ಚಿಕಿತ್ಸೆಯ ಕುರಿತು ಪ್ರಕಟವಾದ ಲೇಖನ ಉಪಯುಕ್ತವಾಗಿದೆ. ಆದರೆ ಚಿಕಿತ್ಸೆಗೊಳಗಾದವರು ಗಾಢ ನಿದ್ರೆಗೆ ಜಾರುತ್ತಾರೆ ಎಂಬ ಅದರ ಮಾತನ್ನು ಒಪ್ಪಲಾಗದು. ಗ್ರೀಕರ ನಿದ್ರಾದೇವತೆಯ ಹೆಸರಿನಿಂದ ಬಂದ 'ಹಿಪ್ನಾಟಿಸಂ' ಪದವನ್ನು 1840ರ ದಶಕದಲ್ಲಿ ಬಳಕೆಗೆ ತಂದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ಅವರೇ, ಇದು ಒಂದೇ ವಿಷಯದ ಮೇಲೆ ನೆಟ್ಟ ಗಮನವೆಂದು ಮನಗಂಡು, ಮುಂದೆ ಆ ಹೆಸರನ್ನು ಬದಲಿಸಲು ಯತ್ನಿಸಿದ್ದರು.

ನಮ್ಮ ಕೊಪ್ಪಳದ ಕಡೆ ವೇದಿಕೆಯ ಪ್ರದರ್ಶನಗಳನ್ನಷ್ಟೇ ನೋಡಿದವರಿಗೆ ಸಮ್ಮೋಹನವೆಂದರೆ ವಶೀಕರಣವೆಂಬ ಅಂಜಿಕೆ ಇನ್ನೂ ಇದೆ. ಕರುಳಿನ ದೀರ್ಘಕಾಲದ ತೊಂದರೆಯಿದ್ದ ನನ್ನ ಸೋದರಮಾವನವರೂ ಅದೇ ಕಾರಣಕ್ಕೆ ವರ್ಷಗಟ್ಟಲೆ ಹಿಂಜರಿದಿದ್ದರು. ಕೊನೆಗೆ ಹೋದಾಗ ಮೊದಲ ಭೇಟಿಯ ಬಹುಭಾಗ ಪ್ರಶ್ನೋತ್ತರದಲ್ಲೇ ಕಳೆಯಿತು. ಬಳಿಕ ಕಣ್ಣು ಮುಚ್ಚಿ ವೈದ್ಯರ ಸೂಚನೆಗಳನ್ನು ಆಲಿಸುತ್ತಿದ್ದಾಗಲೂ ಹೊರಗಿನ ತರಕಾರಿ ಗಾಡಿಯವನ ಕೂಗು ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತಂತೆ. ಏಳೆಂಟು ಭೇಟಿಗಳ ನಂತರ ನೋವು ತಗ್ಗಿತು, ಪೂರ್ತಿ ಹೋಗಲಿಲ್ಲ.

ಕರುಳಿನ ಇಂಥ ತೊಂದರೆ, ನೋವು ಹಾಗೂ ಆತಂಕದ ನಿರ್ವಹಣೆಯಲ್ಲಿ ಈ ವಿಧಾನಕ್ಕೆ ಅಧ್ಯಯನಗಳ ಬೆಂಬಲವಿದೆ. ಆದರೆ ಸೂಚನೆಗೆ ಸ್ಪಂದಿಸುವ ಗುಣ ಎಲ್ಲರಲ್ಲೂ ಒಂದೇ ಸಮನಾಗಿರುವುದಿಲ್ಲ. ಮರೆತ ನೆನಪುಗಳನ್ನು, ಅದರಲ್ಲೂ ಪೂರ್ವಜನ್ಮದ ಸಂಗತಿಗಳನ್ನು, ಹೊರತೆಗೆಯುತ್ತೇವೆ ಎನ್ನುವವರಿಂದ ಮಾತ್ರ ದೂರವಿರಬೇಕು. ಸಮ್ಮೋಹಿತ ಸ್ಥಿತಿಯಲ್ಲಿ ಕಲ್ಪನೆಯೂ ನೆನಪಿನಷ್ಟೇ ನಿಜವೆನಿಸಬಹುದು.