ಅನ್ನದ ರಾಶಿಯೂ ಸಸ್ಯಮೂಲದ ಆಹಾರವೇ

ಮೀನು, ಮಾಂಸದ ಜೊತೆಗೆ ಹಾಲು, ಮೊಸರನ್ನೂ ಕೈಬಿಡಿ ಎನ್ನುವ ಲೇಖನವೊಂದನ್ನು ಓದಿದೆ. ರಾಷ್ಟ್ರೀಯ ಆಹಾರ ಮಾರ್ಗಸೂಚಿಯು ಸಸ್ಯಮೂಲದ ಆಹಾರಕ್ಕೆ ಒತ್ತು ಕೊಟ್ಟರೆ ಜನರ ಪೋಷಣೆ ತಾನಾಗಿಯೇ ಸುಧಾರಿಸುತ್ತದೆ ಎಂಬ ಅದರ ಲೇಖಕರ ಮಾತನ್ನು, ತಲೆಮಾರುಗಳಿಂದ ಸಸ್ಯಾಹಾರವನ್ನೇ ಉಂಡು ಬಂದ ಶಿರಸಿ ಸೀಮೆಯ ಮನೆಯವಳಾಗಿ ನಾನು ಒಪ್ಪಲಾರೆ. ನಮ್ಮಲ್ಲಿ ಬಾಳೆಲೆಯ ಮೇಲೆ ಮೀನು, ಮಾಂಸ ಎಂದೂ ಇರಲಿಲ್ಲ; ಆದರೂ ಸಕ್ಕರೆ ಕಾಯಿಲೆ ನೆಂಟರಿಷ್ಟರ ಎಷ್ಟೋ ಮನೆಗಳನ್ನು ಹೊಕ್ಕಿದೆ. ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ, 2000 ಕಿಲೋಕ್ಯಾಲರಿಯ ದಿನದೂಟಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪೂ ಸೇರಿ ತರಕಾರಿ 400 ಗ್ರಾಂ ಇದೆ. ನಮ್ಮ ಎಲೆಯಲ್ಲಾದರೋ ಅನ್ನದ ರಾಶಿ, ತೆಳ್ಳನೆಯ ಸಾರು, ತುದಿಯಲ್ಲೊಂದು ಚಮಚ ಪಲ್ಯ. ಪ್ರಚಾರ ಮಾಡುವುದಿದ್ದರೆ ಮಾದರಿ ತಟ್ಟೆಯ ಆ ಪ್ರಮಾಣದ ಪ್ರಚಾರವನ್ನೇ ಮಾಡಲಿ. ಜೊತೆಗೆ ಕಾಯಿ, ಜೀರಿಗೆ, ಕಾಳುಮೆಣಸು ಹಾಕಿ ಅರೆದು ಮಜ್ಜಿಗೆ ಬೆರೆಸುವ ಒಂದೆಲಗದ ತಂಬುಳಿಯನ್ನೂ, ಕೆಮ್ಮಣ್ಣು ಮೆತ್ತಿ ಮಳೆಗಾಲಕ್ಕೆಂದು ಕಾಪಿಡುತ್ತಿದ್ದ ಹಲಸಿನ ಬೀಜವನ್ನೂ ಅಂಗನವಾಡಿಯ ಅಡುಗೆಗೆ ಮರಳಿ ತರಲಿ. ಹಿತ್ತಲಲ್ಲಿ ಬೆಳೆಯುವುದಕ್ಕೆ ಹೆಚ್ಚು ಖರ್ಚೂ ಇಲ್ಲ.

ಆದರೆ ಘಟ್ಟದ ಕೆಳಗಿನ ಕಾರವಾರ, ಅಂಕೋಲೆಯವರಿಗೆ ಬಂಗಡೆ ಬಿಡಿ ಎನ್ನುವುದು ಖಂಡಿತ ಸಲ್ಲದು. ಪ್ರೋಟೀನ್, ಒಮೆಗಾ-3 ಕೊಬ್ಬು, ಬಿ12 ಜೀವಸತ್ವ ಮೂರೂ ಒಂದೇ ಮೀನಿನಲ್ಲಿ ಸಿಗುತ್ತವೆ. ಬೇಳೆ, ಸೊಪ್ಪುಗಳಿಂದ ಬಿ12 ದೊರೆಯುವುದಿಲ್ಲ. ನಮ್ಮಂಥವರಿಗೆ ಅದು ಬರುವುದು ಹಾಲು, ಮೊಸರಿನಿಂದ. ಅವನ್ನೂ ಕೈಬಿಡಿ ಎನ್ನುವ ಲೇಖಕರು ಬಿ12 ಮಾತ್ರೆಯ ಅಗತ್ಯವನ್ನು ಅದೇ ಸಾಲಿನಲ್ಲಿ ಬರೆಯಬೇಕಿತ್ತು.